ಕಾಂಟ್ರಾದ 30 ಲೈಫ್ ಕೋಡ್ ನಿಮ್ಮ ಊರಿಗೆ ಯಾರು ತಂದದ್ದು?

ಕಲ್ಸಂಕದವ

ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ, ಸ್ಟಾರ್ಟ್. ಕಾಂಟ್ರಾ ಎಂಬ ಗುಂಡು ಹಾರಿಸುವ ವಿಡಿಯೋ ಗೇಮ್ ಶುರುವಾಗುವ ಮೊದಲು ಕಂಟ್ರೋಲರಿನ ಬಟನ್‌ಗಳನ್ನು ಈ ಸಾಲಿನಲ್ಲಿ ಒತ್ತಿದರೆ 30 ಲೈಫ್. ಇಬ್ಬರು ಆಡುವುದಾದರೆ ಸ್ಟಾರ್ಟ್‌ಗೆ ಮೊದಲು ಒಂದು ಸೆಲೆಕ್ಟ್. ಉಡುಪಿಯ ಕಲ್ಸಂಕದ ಹತ್ತಿರ ನಾವು ಬೆಳೆದ ಬೀದಿಯಲ್ಲಿ ಇದು ಎಲ್ಲ ಮಕ್ಕಳಿಗೂ ಬಾಯಿಪಾಠ. ಮಗ್ಗಿ ತಪ್ಪಿದರೂ ಇದು ತಪ್ಪುತ್ತಿರಲಿಲ್ಲ.

ನನಗೆ ಬಹಳ ಕಾಲದಿಂದ ಒಂದು ಕುತೂಹಲ. 90ರ ದಶಕದ ಮಧ್ಯದಲ್ಲಿ ನಮ್ಮ ಮನೆಗಳಲ್ಲಿ ಇಂಟರ್ನೆಟ್ ಇಲ್ಲ. ವಿಡಿಯೋ ಗೇಮ್ ಬಗ್ಗೆ ಬರೆಯುವ ಪತ್ರಿಕೆ ಯಾವುದೂ ನಮ್ಮ ಕೈಗೆ ಸಿಗುತ್ತಿರಲಿಲ್ಲ. ಟಿವಿಗೆ ಜೋಡಿಸಿ ಆಡುವ ಮೆಷಿನ್‌ನ ಡಬ್ಬದೊಳಗಿನ ಕಾಗದ ಚೀನೀ ಭಾಷೆಯಲ್ಲಿ. ಹಾಗಿದ್ದೂ ಜಪಾನಿನಲ್ಲಿ ಯಾರೋ ಬರೆದ ಕೋಡ್ ಉಡುಪಿಯ ಮಕ್ಕಳ ಬಾಯಿಗೆ ಬಂತಲ್ಲ, ಹೇಗೆ?

ಬರೆದವರು ಯಾರು ಅಂತ ಮಾತ್ರ ಈಗ ಗೊತ್ತು. ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ. 1986ರಲ್ಲಿ ಅವರು ಗ್ರೇಡಿಯಸ್ ಎಂಬ ಆಟವನ್ನು ಕಾಯಿನ್ ಹಾಕಿ ಆಡುವ ಪಾರ್ಲರ್ ಮೆಷಿನ್‌ನಿಂದ ಮನೆಯ ಮೆಷಿನ್‌ಗೆ ತರುತ್ತಿದ್ದರು. ಆಟವನ್ನು ಕೊನೆಯವರೆಗೆ ಆಡಿ ಪರೀಕ್ಷೆ ಮಾಡಬೇಕು, ಆದರೆ ಅದು ಅವರಿಗೇ ಕಷ್ಟ. ಅದಕ್ಕೆ ಆಯುಧಗಳೆಲ್ಲ ಒಮ್ಮೆಲೇ ಸಿಗುವಂಥ ಕೋಡ್ ಒಂದನ್ನು ಇಟ್ಟುಕೊಂಡರು. ಅದು ಆಟದೊಳಗೇ ಉಳಿಯಿತು. 1988ರಲ್ಲಿ ಕಾಂಟ್ರಾ ಮನೆಯ ಮೆಷಿನ್‌ಗೆ ಬಂದಾಗ ಅದೇ ಕೋಡ್‌ಗೆ 30 ಲೈಫ್. ಕೋಡ್ ಒತ್ತದಿದ್ದರೆ ಬರೀ 3. ಹಶಿಮೊಟೊ 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಬೇಜಾರಾಯಿತು. ನೋಡದ ಮನುಷ್ಯ, ಆದರೆ ನಮ್ಮ ರಜೆಗಳನ್ನೆಲ್ಲ ಉದ್ದ ಮಾಡಿದವರು ಅವರೇ ಅಲ್ವಾ.

ನಮ್ಮ ಬೀದಿಗೆ ಕೋಡ್ ಬಂದದ್ದು ಮುಂಬೈಯಿಂದ. ದೊಡ್ಡಪ್ಪ ಅಲ್ಲಿ ಹೋಟೆಲ್‌ನಲ್ಲಿ ಕೆಲಸದಲ್ಲಿದ್ದರು. ಮೇ ತಿಂಗಳಲ್ಲಿ ಅವರ ಮಗ ಬರುತ್ತಿದ್ದ. ಕೊಂಕಣ ರೈಲು ಇನ್ನೂ ಆಗಿರಲಿಲ್ಲ, ರಾತ್ರಿಯಿಡೀ ಬಸ್ಸಿನಲ್ಲಿ ಬರಬೇಕು. ಬಂದವನೇ ಮುಖ ತೊಳೆಯುವ ಮೊದಲು ಕಾಂಟ್ರಾ ಹಾಕಿ, ನಮಗೆ ಬೆನ್ನು ತಿರುಗಿಸಿ ಎಂತದೋ ಟಕಟಕ ಒತ್ತುತ್ತಿದ್ದ. ಆಮೇಲೆ ನೋಡಿದರೆ ಅಣ್ಣ ಸಾಯುವುದೇ ಇಲ್ಲ! ಕೇಳಿದರೆ ಹೇಳುತ್ತಿರಲಿಲ್ಲ.

ನಾವು ಮೂವರು ಕೆಲಸ ಹಂಚಿಕೊಂಡೆವು. ಒಬ್ಬ ಶುರುವಿನ ನಾಲ್ಕು ಒತ್ತು ನೋಡಬೇಕು, ಇನ್ನೊಬ್ಬ ಮಧ್ಯದ್ದು, ನಾನು ಬಲಗೈ ಹೆಬ್ಬೆರಳು. ನೀರು ಕೊಡುವ ನೆಪ, ಫ್ಯಾನ್ ಹಾಕುವ ನೆಪ, ಒಬ್ಬ ಅವನ ಎದುರು ನೆಲದಲ್ಲಿ ಮಲಗಿ ಕಂಟ್ರೋಲರನ್ನು ಅಡಿಯಿಂದ ನೋಡಿದ. ಅಣ್ಣ ಊಟಕ್ಕೆ ಎದ್ದ ಹೊತ್ತಿಗೆ ಮೂರು ತುಂಡು ಸೇರಿಸಿ ಒತ್ತಿದೆವು. ಲೈಫ್ ಎಣಿಸಲು ಆಗದಷ್ಟು ಬಂತು. ಆ ಕೂಗಿಗೆ ಅಡುಗೆಮನೆಯಿಂದ ಅಜ್ಜಿ ಓಡಿ ಬಂದರು.

ನಿಮ್ಮ ಊರಿಗೆ ಯಾರು ತಂದರು? ಕಾಂಟ್ರಾ ಅಂತಲೇ ಇಲ್ಲ. ಮಾರಿಯೋ, ಟ್ಯಾಂಕ್, ಪ್ರಿನ್ಸ್, ಯಾವ ಆಟದ ಗುಟ್ಟಾದರೂ ಆಗಬಹುದು. ಗುಟ್ಟು ಹೇಳಿ, ಕೊಟ್ಟವರು ಯಾರು ಅಂತಲೂ ಹೇಳಿ.

ಪಡುಬಿದ್ರಿ ಅಕ್ಕ

ನಮ್ಮದು ದುಬೈ ದಾರಿ. ಮಾವ ಎರಡು ವರ್ಷಕ್ಕೊಮ್ಮೆ ಬರುವಾಗ ಟ್ಯಾಂಗ್, ಸೆಂಟು, ಟಾರ್ಚು, ಇವುಗಳ ಜೊತೆ ಒಮ್ಮೆ ವಿಡಿಯೋ ಗೇಮ್ ಬಂತು. "ಹುಡುಗರಿಗೆ" ಅಂತ ಬಂದದ್ದು. ಆದರೆ ನಮ್ಮ ಮನೆಯಲ್ಲಿ ಮಾರಿಯೋ ಮುಗಿಸಿದ್ದು ನಾನು ಮತ್ತು ನನ್ನ ಚಿಕ್ಕಮ್ಮ. ಇದನ್ನು ಎಲ್ಲಾದರೂ ಬರೆದಿಡಬೇಕು ಅಂತ ಬಹಳ ಸಮಯದಿಂದ ಇತ್ತು, ಇಲ್ಲಿ ಬರೆದೆ.

ಚಿಕ್ಕಮ್ಮನಿಗೆ ಆಗ ಮದುವೆ ಆಗಿರಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಟಿವಿ ಸೌಂಡ್ ಪೂರ್ತಿ ಇಳಿಸಿ ಆಡುತ್ತಿದ್ದೆವು. 1-2ರಲ್ಲಿ, ಅಂದರೆ ಮೊದಲ ವರ್ಲ್ಡ್‌ನ ಎರಡನೇ ಸ್ಟೇಜಾದ ನೆಲದಡಿಯ ಸ್ಟೇಜಿನಲ್ಲಿ, ಕೊನೆಗೆ ಮೇಲಿನ ಇಟ್ಟಿಗೆ ಸಾಲಿನ ಮೇಲೆ ಹತ್ತಿ ನಡೆದುಕೊಂಡು ಹೋದರೆ ಮೂರು ಪೈಪ್ ಸಿಗುತ್ತದೆ. ಇಳಿದರೆ ನೇರ 4, 3, 2ನೇ ವರ್ಲ್ಡ್. ಇದನ್ನು ಕಂಡುಹಿಡಿದದ್ದು ಚಿಕ್ಕಮ್ಮ. ಯಾರೂ ಹೇಳಿಕೊಟ್ಟದ್ದಲ್ಲ. "ಮೇಲೆ ಜಾಗ ಉಂಟಲ್ಲ, ಹೋದರೆ ಎಂತ ಆಗ್ತದೆ ನೋಡುವಾ" ಅಂದರು, ಹೋದರು. ಸ್ಕೋರ್ ಬರೆಯುವ ಜಾಗದಲ್ಲಿ ಮಾರಿಯೋ ನಡೆಯುತ್ತಿದ್ದಾನೆ! ನಾನು ಬಾಯಿ ಮುಚ್ಚಿಕೊಂಡು ಕುಣಿದೆ.

4-2ರಲ್ಲಿ ಬಳ್ಳಿ ಹತ್ತಿ ಹೋದರೆ ಇನ್ನೊಂದು ಪೈಪ್ ಸಾಲು, ಅಲ್ಲಿಂದ ನೇರ 8ನೇ ವರ್ಲ್ಡ್. ಒಟ್ಟು 32 ಸ್ಟೇಜ್ ಇರುವ ಆಟವನ್ನು ಹೀಗೆ 8 ಸ್ಟೇಜಿನಲ್ಲಿ ಮುಗಿಸಬಹುದು. ನಮಗೆ ಹಾಗೆ ಮುಗಿಸುವ ಅಗತ್ಯ ಇತ್ತು. ಯಾಕೆಂದರೆ ಮಾರಿಯೋದಲ್ಲಿ ಸೇವ್ ಮಾಡುವುದು ಎಂಬುದೇ ಇಲ್ಲ. ನಮ್ಮ ಕಡೆ ಜೂನ್ ತಿಂಗಳಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತಿತ್ತು ಅಂತ ನಿಮಗೆ ಹೇಳಬೇಕಾ? ಒಂದು ಗುಡುಗು ಕೇಳಿದರೆ ಸಾಕು, ಅಜ್ಜ ಬಂದು ಆಂಟೆನಾ ವಯರ್ ಎಳೆದು ಹೊರಗೆ ಹಾಕುತ್ತಿದ್ದರು. 7ನೇ ವರ್ಲ್ಡ್ ತನಕ ಹೋದ ಆಟ ಅಲ್ಲಿಗೆ ಕೊನೆ.

ಇನ್ನೊಂದು ಗುಟ್ಟು. 3-1ರ ಕೊನೆಯ ಮೆಟ್ಟಿಲಿನಲ್ಲಿ ಇಳಿದು ಬರುವ ಆಮೆಯ ಮೇಲೆ ಸರಿಯಾದ ಜಾಗದಲ್ಲಿ ಹಾರಿದರೆ ಚಿಪ್ಪು ಮೆಟ್ಟಿಲಿಗೆ ಬಡಿದು ಬಡಿದು ವಾಪಸ್ ಬರುತ್ತದೆ, ಲೈಫ್ ಏರುತ್ತಾ ಹೋಗುತ್ತದೆ. 10ರಿಂದ ಮೇಲೆ ಹೋದರೆ ಲೆಕ್ಕದ ಜಾಗದಲ್ಲಿ ಕಿರೀಟದ ಚಿತ್ರ. ಇದು ಚಿಕ್ಕಮ್ಮನಿಗೆ ಹೇಳಿದ್ದು ಟೈಪಿಂಗ್ ಕ್ಲಾಸಿಗೆ ಬರುತ್ತಿದ್ದ ಅವರ ಗೆಳತಿ. ಆ ಗೆಳತಿಗೆ ಯಾರು ಹೇಳಿದರೋ.

ಸುರತ್ಕಲ್ ಲೋಕಲ್

ಅಕ್ಕ, ಚಿಕ್ಕಮ್ಮನಿಗೆ ನನ್ನ ದೊಡ್ಡ ನಮಸ್ಕಾರ ಹೇಳಿ.

3-1ರ ಬಗ್ಗೆ ಒಂದು ಎಚ್ಚರ ಸೇರಿಸುತ್ತೇನೆ. ಆಸೆಗೆ ಬಿದ್ದು ತುಂಬಾ ಲೈಫ್ ಮಾಡಬಾರದು. ಆ ಲೆಕ್ಕ 127 ದಾಟಿದರೆ ಮೆಷಿನ್ ಅದನ್ನು ಮೈನಸ್ ಅಂತ ಓದುತ್ತದೆ. ಮುಂದೆ ಒಮ್ಮೆ ಸತ್ತರೆ ನೇರ ಗೇಮ್ ಓವರ್. ನಮ್ಮ ಬಾಡಿಗೆ ಮನೆಯ ಓನರ್ ಮಗನಿಗೆ ಹೀಗಾದಾಗ "ಕ್ಯಾಸೆಟ್ ಹಾಳಾಗಿದೆ" ಅಂತ ವಾಪಸ್ ಕೊಡಲು ಅಂಗಡಿಗೆ ಹೋಗಿದ್ದ.

ಮತ್ತೆ ಗೇಮ್ ಓವರ್ ಆದ ಮೇಲೆ ಟೈಟಲ್ ಬಂದಾಗ ಎ ಬಟನ್ ಹಿಡಿದುಕೊಂಡು ಸ್ಟಾರ್ಟ್ ಒತ್ತಿ. ನೀವು ಸತ್ತ ವರ್ಲ್ಡ್‌ನ ಮೊದಲ ಸ್ಟೇಜಿನಿಂದಲೇ ಶುರು ಆಗುತ್ತದೆ. ಕರೆಂಟ್ ಹೋದರೆ ಇದು ಉಪಯೋಗ ಇಲ್ಲ, ಮೆಷಿನ್ ಆನ್ ಇರಬೇಕು.

ಪಡುಬಿದ್ರಿ ಅಕ್ಕ

ಎ ಹಿಡಿದು ಸ್ಟಾರ್ಟ್ ಒತ್ತುವುದಾ! ಇದು ಆಗ ಗೊತ್ತಿದ್ದರೆ ಒಂದು ಇಡೀ ಮಳೆಗಾಲ ಉಳಿಯುತ್ತಿತ್ತು ಮಾರಾಯ್ರೆ. ಈಗಲೇ ಚಿಕ್ಕಮ್ಮನಿಗೆ ಫೋನ್ ಮಾಡುತ್ತೇನೆ.

ಸುರತ್ಕಲ್ ಲೋಕಲ್

ಈಗ ನನ್ನ ಆಟ. ಎಲ್ಲರೂ ಕಾಂಟ್ರಾ, ಮಾರಿಯೋ ಅನ್ನುತ್ತೀರಿ. ನನ್ನ ಪ್ರಕಾರ ಆ ಕ್ಯಾಸೆಟ್‌ಗಳಲ್ಲಿದ್ದ ಅತಿ ದೊಡ್ಡ ಆಟ ಟ್ಯಾಂಕ್. ಸರಿಯಾದ ಹೆಸರು ಬ್ಯಾಟಲ್ ಸಿಟಿ, ನಾಮ್ಕೋ ಕಂಪನಿಯದ್ದು, 1985. ಇಟ್ಟಿಗೆ ಗೋಡೆ ನಡುವೆ ಕೆಳಗೊಂದು ಹದ್ದು. ಅದನ್ನು ಕಾಯಬೇಕು. ಪ್ರತಿ ಸ್ಟೇಜಿನಲ್ಲಿ 20 ಶತ್ರು ಟ್ಯಾಂಕ್, ಒಟ್ಟು 35 ಸ್ಟೇಜ್.

ಯಾಕೆ ದೊಡ್ಡದು ಹೇಳುತ್ತೇನೆ. ಕಾಂಟ್ರಾದಲ್ಲಿ ಇಬ್ಬರು ಆಡಿದರೂ ಇಬ್ಬರೂ ಅವರವರ ಪಾಡಿಗೆ ಗುಂಡು ಹಾರಿಸುವುದೇ. ಟ್ಯಾಂಕ್‌ನಲ್ಲಿ ಹಾಗೆ ಆಗುವುದಿಲ್ಲ. ಒಬ್ಬ ಮುಂದೆ ಹೋದರೆ ಇನ್ನೊಬ್ಬ ಹದ್ದಿನ ಹತ್ತಿರ ನಿಲ್ಲಲೇಬೇಕು. ಜೊತೆಯವನಿಗೆ ನಿಮ್ಮ ಗುಂಡು ತಾಗಿದರೆ ಅವನು ಸಾಯುವುದಿಲ್ಲ, ಸ್ವಲ್ಪ ಹೊತ್ತು ಮಿಣಮಿಣ ಅನ್ನುತ್ತಾ ಅಲ್ಲೇ ನಿಂತುಬಿಡುತ್ತಾನೆ. ನಿಮ್ಮದೇ ಗುಂಡು ಹದ್ದಿಗೆ ತಾಗಿದರೂ ಆಟ ಮುಗಿಯಿತು. ಸಲಿಕೆ ಚಿತ್ರ ಸಿಕ್ಕಿದರೆ ಹದ್ದಿನ ಸುತ್ತ ಉಕ್ಕಿನ ಗೋಡೆ. ಆ ಸಲಿಕೆಗೆ ಯಾರು ಹೋಗುವುದು, ಯಾರು ನಿಲ್ಲುವುದು ಅಂತ ಬಾಯಲ್ಲಿ ಹೇಳುತ್ತಾ ಆಡಬೇಕು. ನನ್ನ ತಮ್ಮ ಮತ್ತು ನಾನು ಇಡೀ ದಿನ ಜಗಳ ಆಡುತ್ತಿದ್ದವರು. ಟ್ಯಾಂಕ್ ಹಾಕಿದರೆ ಮಾತ್ರ "ನೀನು ಎಡಕ್ಕೆ ಹೋಗು, ನಾನು ಇದ್ದೇನೆ" ಅನ್ನುತ್ತಿದ್ದೆವು.

ಅದರಲ್ಲಿ ಕನ್‌ಸ್ಟ್ರಕ್ಷನ್ ಅಂತ ಒಂದಿತ್ತು ನೆನಪುಂಟಾ? ನಾವೇ ಸ್ಟೇಜ್ ಕಟ್ಟುವುದು. ಇಟ್ಟಿಗೆ, ಉಕ್ಕು, ನೀರು, ಪೊದೆ, ಮಂಜುಗಡ್ಡೆ. ತಮ್ಮ ನಮ್ಮ ಮನೆಯ ಸುತ್ತಲಿನ ನಕ್ಷೆಯನ್ನೇ ಕಟ್ಟಿದ್ದ. ಬಾವಿಗೆ ನೀರು, ತೋಟಕ್ಕೆ ಪೊದೆ, ಎದುರು ಮನೆಯ ಕಂಪೌಂಡಿಗೆ ಉಕ್ಕು, ಯಾಕೆಂದರೆ ಅಲ್ಲಿ ನಾಯಿ ಇತ್ತು. ಆಫ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ, ಅದಕ್ಕೆ ಚೌಕುಳಿ ಲೆಕ್ಕದ ಪುಸ್ತಕದಲ್ಲಿ ಬಿಡಿಸಿ ಇಟ್ಟುಕೊಂಡಿದ್ದ. ಈಗ ಅವನು ಸಿವಿಲ್ ಎಂಜಿನಿಯರ್.

ಮಲ್ಪೆ ಬೋಟ್

ನಮ್ಮಲ್ಲಿ ಯಾರ ಹತ್ತಿರವೂ ಸ್ವಂತ ಮೆಷಿನ್ ಇರಲಿಲ್ಲ. ಒಂದು ಮನೆಯಲ್ಲಿ ಗಂಟೆ ಲೆಕ್ಕಕ್ಕೆ ಆಡಲು ಕೊಡುತ್ತಿದ್ದರು. ಹೊರಗೆ ಚಪ್ಪಲಿ ಸಾಲು. ಆಡುವವರು ಇಬ್ಬರು, ನೋಡುವವರು ಹತ್ತು ಹನ್ನೆರಡು ಮಂದಿ. ಒಬ್ಬ ಇದ್ದ, ಅವನ ಕೈಯಲ್ಲಿ ದುಡ್ಡು ಇರುತ್ತಿರಲಿಲ್ಲ, ಆದರೆ ಎಲ್ಲ ಸ್ಟೇಜ್ ಅವನಿಗೆ ಗೊತ್ತು. ಹಿಂದೆ ನಿಂತು ಭಾಗವತರ ಹಾಗೆ ಇಡೀ ಕಾಂಟ್ರಾ ಆಟ ನಡೆಸುತ್ತಿದ್ದ. "ಈಗ ಮೇಲಿಂದ ಬರ್ತದೆ, ಬಗ್ಗು, ಈಗ ಹಾರು, ಎಸ್ ಬಿಡಬೇಡ." ಎಸ್ ಅಂದರೆ ಗುಂಡು ಹರಡಿಕೊಂಡು ಹೋಗುವ ಗನ್. ಅವನ ಮಾತು ಕೇಳಿದವರು ಒಂದೇ ಗಂಟೆಯಲ್ಲಿ ಜಲಪಾತದ ಸ್ಟೇಜ್ ದಾಟುತ್ತಿದ್ದರು. ಆಮೇಲೆ ಅವನಿಗೂ ಐದು ನಿಮಿಷ ಆಡಲು ಕೊಡುವುದು. ಅದು ಲೆಕ್ಕ.

ಜಲಪಾತದಲ್ಲಿ ಮೇಲಿದ್ದವನು ಬೇಗ ಹತ್ತಿದರೆ ಸ್ಕ್ರೀನ್ ಮೇಲಕ್ಕೆ ಸರಿದು ಕೆಳಗಿದ್ದವನು ಸಾಯುತ್ತಾನೆ. ನಮ್ಮಲ್ಲಿ ನಿಜವಾದ ಜಗಳ ಆಗುತ್ತಿದ್ದದ್ದು ಅಲ್ಲಿ ಮಾತ್ರ.

ರಿಪೇರಿ ಅಣ್ಣ

ಬಿಜೈ ಕಡೆ ಟಿವಿ, ರೇಡಿಯೋ ರಿಪೇರಿ ಮಾಡುತ್ತಿದ್ದೆ. ಈ ಮೆಷಿನ್‌ಗಳು ನನ್ನ ಮೇಜಿನ ಮೇಲೆ ತುಂಬಾ ಬಂದಿವೆ. ಅದರ ಒಳಗಿನ ಕಥೆ ಸ್ವಲ್ಪ ಹೇಳುತ್ತೇನೆ.

ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಅಂತ ಒಂದು ಮೆಷಿನ್ ತಂದಿತು. ನಮ್ಮ ಮನೆಗಳಿಗೆ ಬಂದ ಹೆಚ್ಚಿನವು ಅದರ ನಕಲು. ಮೀಡಿಯಾ, ಲಿಟಲ್ ಮಾಸ್ಟರ್, ಇನ್ನೂ ಏನೇನೋ ಹೆಸರು. ಫ್ಯಾಮಿಕಾಮ್ ಕ್ಯಾಸೆಟ್‌ಗೆ 60 ಪಿನ್, ಇವುಗಳಿಗೂ ಅದೇ 60. ಹಾಗಾಗಿ ಮುಂಬೈಯ ಕ್ಯಾಸೆಟ್ ಉಡುಪಿಯ ಮೆಷಿನ್‌ನಲ್ಲಿ ಓಡುತ್ತಿತ್ತು, ದುಬೈಯದ್ದು ಪಡುಬಿದ್ರಿಯಲ್ಲಿ ಓಡುತ್ತಿತ್ತು.

ಈಗ ಊದುವ ವಿಷಯ. ಕ್ಯಾಸೆಟ್ ಓಡದಿದ್ದರೆ ಎಲ್ಲರೂ ಅದರ ಬಾಯಿಗೆ ಊದುತ್ತಿದ್ದರು. ದಯವಿಟ್ಟು ಈಗ ಯಾರೂ ಹಾಗೆ ಮಾಡಬೇಡಿ. ಊದಿದ್ದರಿಂದ ಸರಿಯಾಗುತ್ತಿರಲಿಲ್ಲ, ತೆಗೆದು ಮತ್ತೆ ಹಾಕಿದ್ದರಿಂದ ಸರಿಯಾಗುತ್ತಿತ್ತು. ತೆಗೆದು ಹಾಕುವಾಗ ಪಿನ್ ಬೇರೆ ಜಾಗದಲ್ಲಿ ತಾಗುತ್ತದೆ, ಕನೆಕ್ಷನ್ ಸಿಗುತ್ತದೆ. ಉಸಿರಿನಲ್ಲಿರುವ ತೇವ ತಾಮ್ರಕ್ಕೆ ತಾಗಿ ಕಿಲುಬು ಹಿಡಿಯುತ್ತದೆ. ಊದಬೇಡಿ ಅಂತ ನಿಂಟೆಂಡೊದವರೇ ಹೇಳಿದ್ದಾರೆ.

ಅದೂ ನಮ್ಮ ಊರಿನಲ್ಲಿ! ಸಮುದ್ರದ ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಮಳೆ. ಘಟ್ಟದ ಮೇಲೆ ಹತ್ತು ವರ್ಷ ಬಾಳುವ ವಸ್ತು ಇಲ್ಲಿ ಅಷ್ಟು ಬಾಳುವುದಿಲ್ಲ. ಮಳೆಗಾಲ ಮುಗಿದ ಮೇಲೆ ಬರುತ್ತಿದ್ದ ಕ್ಯಾಸೆಟ್ ಬಿಚ್ಚಿದರೆ ಪಿನ್ ಸಾಲು ಹಸಿರು. ಶಾಲೆಯ ಬಿಳಿ ರಬ್ಬರ್ ತೆಗೆದುಕೊಂಡು ಮೆಲ್ಲಗೆ ಉಜ್ಜುತ್ತಿದ್ದೆ. ಒಂದೊಂದೇ ಪಿನ್ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಹತ್ತಿಯಲ್ಲಿ ಸ್ಪಿರಿಟ್ ಹಾಕಿ ಒರೆಸಿ, ಗಾಳಿಗೆ ಇಟ್ಟು, ಹಾಕಿ ನೋಡುವುದು. ಮಕ್ಕಳು ಅಂಗಡಿ ಬಾಗಿಲಲ್ಲೇ ಕಾಯುತ್ತಿದ್ದರು. ಮಾರಿಯೋದ ಹಾಡು ಬಂದರೆ ಅವರ ಮುಖ ನೋಡಬೇಕು. ಆ ಕೆಲಸಕ್ಕೆ ನಾನು ಜಾಸ್ತಿ ದುಡ್ಡು ತೆಗೆದುಕೊಂಡದ್ದಿಲ್ಲ.

ಅಂದ ಹಾಗೆ ಆ ಇಡೀ ಮಾರಿಯೋ ಆಟ 40 ಕೆಬಿ. ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬೆಳಿಗ್ಗೆ ಬರುವ ಹೂವಿನ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇನ್ನೊಮ್ಮೆ ನೋಡಿ.

ಕುಂಜಿಬೆಟ್ಟು

ಅಣ್ಣ, ನೀವು ಹೇಳಿದ್ದು ಸರಿ ಇರಬಹುದು. ಆದರೆ ಊದಿದ ಮೇಲೆಯೇ ಓಡುತ್ತಿತ್ತು ಎಂಬುದೂ ಸತ್ಯ. ನಮ್ಮ ಮನೆಯಲ್ಲಿ ಎರಡು ಸಲ ಸುಮ್ನೆ ತೆಗೆದು ಹಾಕಿದರೂ ಬರುತ್ತಿರಲಿಲ್ಲ, ಊದಿದರೆ ಬರುತ್ತಿತ್ತು.

ರಿಪೇರಿ ಅಣ್ಣ

ತೇವದಿಂದ ಆ ಕ್ಷಣಕ್ಕೆ ಕರೆಂಟ್ ಹರಿಯಲು ಸ್ವಲ್ಪ ಅನುಕೂಲ ಆಗಬಹುದು. ಆದರೆ ಮುಂದಿನ ತಿಂಗಳು ಅದೇ ಕ್ಯಾಸೆಟ್ ನನ್ನ ಹತ್ತಿರ ಬರುತ್ತದೆ. ನಾನು ನೋಡಿದ್ದು ಆ ಮುಂದಿನ ತಿಂಗಳನ್ನು.

ಹಂಪನಕಟ್ಟೆ ಸಂಜೆ

ಮನೆಯ ಮೆಷಿನ್ ಬಗ್ಗೆಯೇ ಎಲ್ಲರೂ ಬರೆದಿದ್ದೀರಿ. ನಿಂತು ಆಡುವ ಮೆಷಿನ್‌ಗಳನ್ನು ಮರೆತಿರಾ? ಮಂಗಳೂರಿನಲ್ಲಿ ಕಾಲೇಜು ಬಿಟ್ಟ ಮೇಲೆ ಬಸ್ಸಿಗೆ ಇರುವ ಸಮಯ ನಾವು ಕಳೆಯುತ್ತಿದ್ದದ್ದು ಪಾರ್ಲರಿನಲ್ಲಿ. ಕತ್ತಲೆ ಕೋಣೆ, ಸಾಲು ಮೆಷಿನ್, ಕಾಯಿನ್ ಬೀಳುವ ಸದ್ದು. ದಸರಾ ಸಮಯದ ಎಕ್ಸಿಬಿಷನ್‌ನಲ್ಲೂ ಇರುತ್ತಿತ್ತು.

ರಾಜ ಅಂದರೆ ಮುಸ್ತಫಾ. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್. ಆ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ನಾಲ್ಕು ಮಂದಿಯಲ್ಲಿ ಹಳದಿ ಟೋಪಿಯ ಮುಸ್ತಫಾ ಎಲ್ಲರಿಗೂ ಬೇಕು, ಅವನ ಓಟ ಜೋರು, ಹಾರಿ ಒದೆಯುವುದು ಭಾರೀ ಲಾಯ್ಕ್. ಒಟ್ಟಿಗೆ ಮೂವರು ಆಡಬಹುದು. ಮೂವರಲ್ಲಿ ಮುಸ್ತಫಾ ಯಾರಿಗೆ ಎಂಬುದು ಬಸ್‌ಸ್ಟ್ಯಾಂಡಿನಿಂದಲೇ ಚರ್ಚೆ.

ಅಲ್ಲಿ ಗುಟ್ಟು ಕೊಡುತ್ತಿದ್ದದ್ದು ಪಾರ್ಲರಿನ ಹುಡುಗ. ಕಾಯಿನ್ ಕೊಡುವವನು. ಯಾವ ಡ್ರಮ್ ಒಡೆದರೆ ಊಟ ಸಿಗುತ್ತದೆ, ಎರಡು ಬಟನ್ ಒಟ್ಟಿಗೆ ಒತ್ತುವ ಹೊಡೆತಕ್ಕೆ ನಮ್ಮದೇ ಲೈಫ್ ಕಡಿಮೆಯಾಗುತ್ತದೆ, ಹಾಗಾಗಿ ಸುಮ್ನೆ ಒತ್ತಬಾರದು, ಇದೆಲ್ಲ ಅವನು ಹೇಳಿದ್ದು. ಅವನಿಗೆ ನಾವು ಬೇಗ ಸತ್ತರೆ ಲಾಭ. ಆದರೂ ಹೇಳಿಕೊಡುತ್ತಿದ್ದ. ಕೊನೆಯ ಕಾಯಿನ್‌ನಲ್ಲಿ ನಾವು ದೊಡ್ಡ ಬಾಸ್ ಹತ್ತಿರ ಇದ್ದರೆ ತಾನೇ ಬಂದು ಮೂರನೇ ಕೋಲು ಹಿಡಿಯುತ್ತಿದ್ದ. ನಮಗಿಂತ ಚಿಕ್ಕವನು, ಶಾಲೆಗೆ ಹೋಗುತ್ತಿರಲಿಲ್ಲ ಅಂತ ಕಾಣುತ್ತದೆ. ಅವನು ಈಗ ಎಲ್ಲಿದ್ದಾನೋ, ಚೆನ್ನಾಗಿರಲಿ.

ಲ್ಯಾಬ್ ಬೆಂಚ್

ನಮ್ಮದು ಶಾಲೆಯ ಕಂಪ್ಯೂಟರ್ ಲ್ಯಾಬ್. ಚಪ್ಪಲಿ ಹೊರಗೆ, ಎಸಿ ಒಳಗೆ, ಒಂದು ಕಂಪ್ಯೂಟರಿಗೆ ಮೂವರು. ಟೀಚರ್ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಸುತ್ತಿದ್ದರು. ಬೇಗ ಬರೆದು ಮುಗಿಸಿದವರಿಗೆ ಡೇವ್ ಅಥವಾ ಪ್ರಿನ್ಸ್. ಡೇಂಜರಸ್ ಡೇವ್ ಜಾನ್ ರೊಮೆರೊ ಅವರದ್ದು, 1988ರ ಆಟ, 10 ಲೆವೆಲ್. ಬಟ್ಟಲು ಹಿಡಿದು ಬಾಗಿಲಿಗೆ ಓಡುವುದು, ಅಷ್ಟೇ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಪ್ರಿನ್ಸ್ ಆಫ್ ಪರ್ಶಿಯಾ ಬೇರೆಯೇ. 1989ರಲ್ಲಿ ಜೋರ್ಡನ್ ಮೆಕ್ನರ್ ಮಾಡಿದ ಆಟ. ತನ್ನ ತಮ್ಮ ಓಡುವುದನ್ನು, ಹಾರುವುದನ್ನು ವಿಡಿಯೋ ತೆಗೆದು, ಅದನ್ನು ನೋಡಿಕೊಂಡು ಒಂದೊಂದೇ ಚಿತ್ರ ಬಿಡಿಸಿದ್ದರು. ಅದಕ್ಕೇ ಆ ರಾಜಕುಮಾರ ಅಂಚಿನಲ್ಲಿ ನಿಲ್ಲುವಾಗ, ಜೋತಾಡುವಾಗ ನಮ್ಮ ಹೊಟ್ಟೆಯಲ್ಲೂ ಚುಳ್ ಅನ್ನುತ್ತಿತ್ತು. ಸಮಯ 60 ನಿಮಿಷ. ನಮ್ಮ ಪೀರಿಯಡ್ ಅದಕ್ಕಿಂತ ಚಿಕ್ಕದು! ಅಂದರೆ ಒಂದು ಪೀರಿಯಡ್‌ನಲ್ಲಿ ಆ ಆಟ ಮುಗಿಸಲು ನಮಗೆ ಆಗುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಲ್ಯಾಬ್ ಅಸಿಸ್ಟೆಂಟ್ ಅಣ್ಣನ ಹತ್ತಿರ ಬೇಡಿ ಕೀ ತೆಗೆಸಿಕೊಂಡದ್ದೂ ಉಂಟು.

12ನೇ ಲೆವೆಲ್‌ನಲ್ಲಿ ರಾಜಕುಮಾರನ ನೆರಳೇ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ನಮ್ಮದೇ ಜೀವ ಕಡಿಮೆಯಾಗುತ್ತದೆ. ಎಷ್ಟು ವಾರ ಅಲ್ಲೇ ಸಿಕ್ಕಿಬಿದ್ದೆವು. ಬೇರೆ ಸೆಕ್ಷನ್‌ನ ಒಬ್ಬಳು, ಕ್ಲಾಸಿನಲ್ಲಿ ಬಾಯಿ ಬಿಡದವಳು, ಹಿಂದಿನಿಂದ ನೋಡುತ್ತಾ ಇದ್ದವಳು ಹೇಳಿದಳು: "ಕತ್ತಿ ಒಳಗೆ ಇಡು." ಇಟ್ಟೆವು. ನೆರಳೂ ಇಟ್ಟಿತು. ನಡೆದು ಅದರೊಳಗೆ ಹೋದೆವು, ಎರಡೂ ಒಂದಾಯಿತು. ಲ್ಯಾಬ್ ಪೂರ್ತಿ ಸುಮ್ಮನಾಯಿತು. ಹೇಗೆ ಗೊತ್ತು ಅಂತ ಕೇಳಿದೆವು. "ಹೊಡೆದರೆ ನೋವಾಗುವುದು ನಮಗೇ ಅಲ್ವಾ, ಅದಕ್ಕೆ" ಅಂದಳು. ಯಾರಿಂದಲೂ ಕೇಳಿದ್ದಲ್ಲ, ಯೋಚನೆ ಮಾಡಿ ಹೇಳಿದ್ದು. ಪಡುಬಿದ್ರಿ ಅಕ್ಕನ ಚಿಕ್ಕಮ್ಮನ ಸಾಲಿಗೆ ಇವಳನ್ನೂ ಸೇರಿಸಿ.

ಮಣಿಪಾಲ 2005

ನಾನು ನಿಮಗಿಂತ ಚಿಕ್ಕವನು. ನಮ್ಮ ಕಾಲಕ್ಕೆ ವೈಸ್ ಸಿಟಿ ಎಂಬ ಆಟ. ಕಂಪ್ಯೂಟರಿಗೆ ಬಂದದ್ದು 2003ರಲ್ಲಿ. ಗುಟ್ಟುಗಳೆಲ್ಲ ಸೈಬರ್ ಕೆಫೆಯಿಂದ ಬರುತ್ತಿತ್ತು, ಒಬ್ಬ ಪ್ರಿಂಟ್ ತೆಗೆದರೆ ಇಡೀ ಹಾಸ್ಟೆಲಿಗೆ ಜೆರಾಕ್ಸ್. ಪ್ಯಾಂಜರ್ ಅಂತ ಟೈಪ್ ಮಾಡಿದರೆ ಟ್ಯಾಂಕ್, ಆಸ್ಪಿರಿನ್ ಅಂದರೆ ಆರೋಗ್ಯ, ಲೀವ್ ಮಿ ಅಲೋನ್ ಅಂದರೆ ಪೊಲೀಸರು ಬಿಟ್ಟುಹೋಗುತ್ತಾರೆ. ಚೆನ್ನಾಗಿತ್ತು. ಆದರೆ ಯಾರು ಹೇಳಿಕೊಟ್ಟರು ಅಂತ ಕೇಳಿದರೆ ಹೇಳಲು ನನ್ನ ಹತ್ತಿರ ಹೆಸರಿಲ್ಲ. ಕಾಗದ ಹೇಳಿಕೊಟ್ಟಿತು.

ಒಂದೇ ಒಂದು ಮಾತ್ರ ಇದೆ. ಅಪ್ಪನ ನೋಕಿಯಾ 3310ರ ಹಾವಿನ ಆಟ. ಸ್ಕ್ರೀನಿನ ಅಂಚು ಬಿಡದೆ ಸಾಲು ಸಾಲಾಗಿ ಹೋಗು, ಮಧ್ಯಕ್ಕೆ ಅವಸರ ಮಾಡಬೇಡ ಅಂತ ಅಪ್ಪನೇ ಹೇಳಿಕೊಟ್ಟದ್ದು. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ನಿಂತುಕೊಂಡು. ಅಪ್ಪ ಬೇರೆ ಯಾವ ಆಟವನ್ನೂ ಆಡಿದ್ದು ನಾನು ನೋಡಿಲ್ಲ.

ಕಲ್ಸಂಕದವ

ಎಲ್ಲ ಓದಿದೆ, ಎರಡೆರಡು ಸಲ ಓದಿದೆ. ಮುಂಬೈ ಬಸ್ಸು, ದುಬೈ ಮಾವ, ಟೈಪಿಂಗ್ ಕ್ಲಾಸು, ಪಾರ್ಲರ್ ಹುಡುಗ. ನಾನು ಎಲ್ಲ ಹೊರಗಿನಿಂದಲೇ ಬಂದದ್ದು ಅಂದುಕೊಂಡಿದ್ದೆ. ಚಿಕ್ಕಮ್ಮ, ಮತ್ತೆ ಆ ಲ್ಯಾಬಿನ ಹುಡುಗಿ ಇಲ್ಲೇ ಕಂಡುಹಿಡಿದದ್ದು ಕೇಳಿ ಭಾರೀ ಖುಷಿಯಾಯಿತು. ಇಂಥವರು ಇನ್ನೂ ಇದ್ದರೆ ಬರೆಯಿರಿ.

ಪಡುಬಿದ್ರಿ ಅಕ್ಕ

ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವರಿಗೆ 8-4ರ ಪೈಪ್ ದಾರಿ ಈಗಲೂ ನೆನಪುಂಟು! ಮಾತಾಡುತ್ತಾ ಹಳೆ ಮೆಷಿನ್ ತವರುಮನೆಯ ಅಟ್ಟದಲ್ಲಿದೆ ಅಂತ ಗೊತ್ತಾಯಿತು. ತಮ್ಮ ಇಳಿಸಿದ್ದಾನೆ. ಕ್ಯಾಸೆಟ್ ಎರಡು, ಕಂಟ್ರೋಲರ್ ಎರಡು, ಬಾತುಕೋಳಿಗೆ ಗುಂಡು ಹೊಡೆಯುವ ಆಟದ ಗನ್ನೂ ಉಂಟು. ರಜೆಗೆ ಮಕ್ಕಳೆಲ್ಲ ಸೇರುತ್ತಾರೆ, ಚಿಕ್ಕಮ್ಮನೂ ಬರುತ್ತಾರೆ. ಅದನ್ನು ಓಡಿಸಬೇಕು ಅಂತ ಆಸೆ. ಮನೆಯಲ್ಲಿರುವುದು ಎಲ್‌ಇಡಿ ಟಿವಿ. ರಿಪೇರಿ ಅಣ್ಣ, ಹೇಗೆ ಮಾಡಲಿ?

ರಿಪೇರಿ ಅಣ್ಣ

ಅಕ್ಕ, ಮೊದಲು ಆನ್ ಮಾಡಬೇಡಿ. ಹಳೆ ಅಡಾಪ್ಟರ್ ನಂಬಬೇಡಿ, ಹತ್ತಿರದ ಅಂಗಡಿಯಲ್ಲಿ ಮೀಟರ್ ಹಿಡಿಸಿ ವೋಲ್ಟೇಜ್ ನೋಡಿಸಿ. ಹೊಸತು ತರುವುದಾದರೆ ಪಿನ್ನಿನ ಮಧ್ಯ ಪ್ಲಸ್ಸಾ ಮೈನಸ್ಸಾ ಅಂತ ಹಳೆಯದರ ಮೇಲೆ ಗುರುತು ಇರುತ್ತದೆ, ಅದೇ ತರದ್ದು ತನ್ನಿ. ತಪ್ಪಿ ಉಲ್ಟಾ ಕೊಟ್ಟರೆ ಒಳಗಿನದ್ದು ಸುಟ್ಟುಹೋಗಬಹುದು. ಕ್ಯಾಸೆಟ್ ಪಿನ್ ರಬ್ಬರಿನಲ್ಲಿ ಉಜ್ಜಿ, ಪುಡಿ ಕೊಡವಿ, ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ. ಮೆಷಿನ್ ಹಿಂದೆ ಹಳದಿ ಎವಿ ತೂತು ಇದ್ದು, ನಿಮ್ಮ ಟಿವಿಯಲ್ಲೂ ಎವಿ ಇದ್ದರೆ ಮಾರಿಯೋ ಆರಾಮ ಓಡುತ್ತದೆ.

ಗನ್ ಮಾತ್ರ ಎಲ್‌ಇಡಿಯಲ್ಲಿ ಓಡುವುದಿಲ್ಲ. ಗನ್‌ನಿಂದ ಏನೂ ಹೊರಗೆ ಹೋಗುವುದಿಲ್ಲ ನೋಡಿ, ಅದು ಬೆಳಕನ್ನು ನೋಡುವ ಕಣ್ಣು ಅಷ್ಟೇ. ಟ್ರಿಗರ್ ಒತ್ತಿದ ಕೂಡಲೇ ಆಟ ಇಡೀ ಸ್ಕ್ರೀನನ್ನು ಒಂದು ಕ್ಷಣ ಕಪ್ಪು ಮಾಡುತ್ತದೆ, ಮತ್ತೆ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ತೋರಿಸುತ್ತದೆ. ಗನ್‌ಗೆ ಆ ಬಿಳಿ ಕಂಡರೆ ಗುರಿ ತಾಗಿತು ಅಂತ ಲೆಕ್ಕ. ಇದೆಲ್ಲ ಹಳೆ ಡಬ್ಬ ಟಿವಿಯ ವೇಗಕ್ಕೆ ಹೊಂದಿಸಿದ್ದು. ಹೊಸ ಟಿವಿ ಚಿತ್ರ ತೋರಿಸುವಾಗ ಸ್ವಲ್ಪ ತಡ ಮಾಡುತ್ತದೆ, ಅಷ್ಟರಲ್ಲಿ ಗನ್ ನೋಡಿ ಮುಗಿದಿರುತ್ತದೆ.

ಡಬ್ಬ ಟಿವಿ ಸಿಕ್ಕಿದರೆ ಒಂದು ಗುಟ್ಟು ಹೇಳುತ್ತೇನೆ. ಒಂದೇ ಬಾತುಕೋಳಿ ಬರುವ ಆಟದಲ್ಲಿ ಎರಡನೇ ಕಂಟ್ರೋಲರ್ ಹಿಡಿದವರು ಆ ಬಾತುಕೋಳಿಯನ್ನು ಬೇಕಾದ ಕಡೆ ಓಡಿಸಬಹುದು. ಇದು ನನಗೆ ಹೇಳಿದ್ದು ಅಂಗಡಿಗೆ ಬರುತ್ತಿದ್ದ ಒಬ್ಬ ಪುಟ್ಟ ಹುಡುಗ.

ಸುರತ್ಕಲ್ ಲೋಕಲ್

ಡಬ್ಬ ಟಿವಿ ನಮ್ಮ ಮನೆಯಲ್ಲಿ ಉಂಟು. 21 ಇಂಚು, ಚಿತ್ರ ಚೆನ್ನಾಗಿ ಬರುತ್ತದೆ, ಅಮ್ಮ ಗುಜರಿಗೆ ಕೊಡಲು ಬಿಟ್ಟಿಲ್ಲ. ಅಕ್ಕ, ಮೆಸೇಜ್ ಹಾಕಿದ್ದೇನೆ, ನೋಡಿ. ದುಡ್ಡು ಬೇಡ. ಯಾವ ಭಾನುವಾರ ಬೇಕಾದರೂ ಬನ್ನಿ, ಆದರೆ ಕಾರು ತನ್ನಿ, ಜೊತೆಗೆ ಇಬ್ಬರು ಗಟ್ಟಿ ಆಳೂ ಬೇಕು, ಭಾರ ಜಾಸ್ತಿ. ಮೆಟ್ಟಿಲು ಇಳಿಸುವಾಗ ನಾನೂ ತಮ್ಮನೂ ಕೈ ಹಾಕುತ್ತೇವೆ.